ದುಃಖದ ಮಾತ್ರೆಯವರಿಗೆ, ದುಃಖವಿಲ್ಲದವನಿಂದ

…ಹೀಗೆ ಬೆಳಗ್ಗೆ ಬೆಳಗ್ಗೆಯೇ ಹೋಟೆಲಿನ ಲಾಂಡ್ರಿಯಲ್ಲಿ ನನ್ನನ್ನು ಇಸ್ತ್ರಿ ಯಂತ್ರದ ಮುಂದಿನಿಂದ ಎಬ್ಬಿಸಿ ನ್ಯಾಪ್ಕಿನ್ ಮಡಚಲು ಕೂರಿಸಿದ್ದು ತಮ್ಮ ಕೃಪೆಯಿಂದಲೇ ಎಂಬುದನ್ನು ನಮೂದಿಸಿ ಆಮೇಲೆ ವಂದನೆಗೆ ಬರುತ್ತೇನೆ, ಮಾನ್ಯ ಹಳೇ ಮಾತ್ರೆಯವರೇ. ವಂದನೆ ಮೊದಲು ಬರಬೇಕಿತ್ತು. ಆದರೆ ಈ ಪತ್ರವನ್ನು ಫೋನಿಗೆ ಹೇಳಿ ಬರೆಸುತ್ತಿದ್ದೇನೆ, ನಡುವೆ ಬಾಯಿ ಒಣಗಿ ನೀರಿಗೆ ಎದ್ದು ಹೋಗಿದ್ದೆ, ಕ್ರಮ ತಪ್ಪಿತು. ಬಾಯಿ ಒಣಗಿಸುವ ತಮ್ಮ ಸಾಮರ್ಥ್ಯ ಶ್ಲಾಘನೀಯ. ಟವೆಲ್ ಒಣಗಿಸುವ ನಮ್ಮ ದೊಡ್ಡ ಯಂತ್ರ ಕೆಟ್ಟಾಗ ತಮ್ಮನ್ನೇ ನೇಮಿಸಿಕೊಳ್ಳಬೇಕೆಂದು ಶಿಫಾರಸು ಮಾಡುವವನಿದ್ದೇನೆ.

ತಾವು ಹಿರಿಯರು. ಹುಟ್ಟಿದ್ದು ಖಿನ್ನತೆಯ ಮಾತ್ರೆಯಾಗಿ, ನನ್ನ ಬಳಿ ಮಾಡುತ್ತಿರುವುದು ಗಮನ ನಿಲ್ಲಿಸುವ ಕೆಲಸ. ನಾನೂ ಓದಿದ್ದು ಮಣ್ಣಿನ ಪರೀಕ್ಷೆ, ಇಷ್ಟು ದೂರ ಬಂದು ತೆಗೆಯುತ್ತಿರುವುದು ದಿಂಬಿನ ಚೀಲದ ಕಲೆ. ಆದ್ದರಿಂದ ಕಲಿತದ್ದೊಂದು ಮಾಡುವುದೊಂದು ಎಂದು ತಮ್ಮನ್ನು ಹಂಗಿಸುವ ಹಕ್ಕು ನನಗಿಲ್ಲ. ನನ್ನದು ಎಡಿಎಚ್‌ಡಿ ಎಂಬ ಗಮನದ ತೊಂದರೆಯಲ್ಲೂ ಕುಣಿದಾಡುವ ಬಗೆಯದಲ್ಲ, ನಿಂತಲ್ಲೇ ಕಳೆದುಹೋಗುವ ಬಗೆಯದು. ಬೆಡ್‌ಶೀಟಿನ ಎರಡು ತುದಿ ನನ್ನ ಕೈಯಲ್ಲಿ, ಇನ್ನೆರಡು ಲಾಂಡ್ರಿಯ ಜೊತೆಗಾತಿಯ ಕೈಯಲ್ಲಿ ಇರುವಾಗಲೇ ನನ್ನ ಮನಸ್ಸು ಕಿಟಕಿಯಾಚೆ ಹಾರಿಹೋಗಿ, ಅವಳು ಕೈ ಚಾಚಿಕೊಂಡು ಕಂಬದಂತೆ ನಿಂತಿರಬೇಕಾಗುತ್ತಿತ್ತು. "ಗಾಳಿಪಟ, ಇಳಿಯೋ ಕೆಳಗೆ, ತೋಳು ಬಿದ್ದೋಗ್ತಿದೆ!" ಎಂದು ಅವಳು ಕೂಗಿದ ಮೇಲೆ ಅದೇ ನನ್ನ ಹೆಸರಾಯಿತು. ಹೊಸ ತಲೆಮಾರಿನ ಮಾತ್ರೆ ನನ್ನ ಊಟ, ನಿದ್ದೆ ಎರಡನ್ನೂ ನುಂಗಿಹಾಕಿದ್ದರಿಂದ ಡಾಕ್ಟರು ಹೃದಯದ ಇಸಿಜಿ ತೆಗೆಸಿ, "ಹಳೇದು, ಎಲ್ಲರಿಗೂ ಆಗಿಬರಲ್ಲ, ನೋಡೋಣ" ಎಂದು ತಮ್ಮನ್ನು ಪರಿಚಯಿಸಿದರು. ಕೆಲವು ವಾರ ತಾವು ಏನೂ ಮಾಡಲಿಲ್ಲ. ಆಮೇಲೊಂದು ದಿನ ಬೆಡ್‌ಶೀಟ್ ಮಡಚಿ ಮುಗಿಯಿತು, ನಾನು ಇನ್ನೂ ಅಲ್ಲೇ ಇದ್ದೆ!

ದೂರೇನೆಂದರೆ, ತಮ್ಮ ಹಳೆಯ ಕಸುಬು ಲೋಕಕ್ಕೆಲ್ಲ ಗೊತ್ತು, ಹೊಸದು ಯಾರಿಗೂ ಗೊತ್ತಿಲ್ಲ. ನಿನ್ನೆ ವಿಡಿಯೊ ಕರೆಯಲ್ಲಿ ನಮ್ಮಕ್ಕ ತಮ್ಮ ಡಬ್ಬಿಯನ್ನು ಕಂಡು, ಹೆಸರನ್ನು ನೆಟ್ಟಿನಲ್ಲಿ ಹುಡುಕಿ, ತನ್ನ ತಮ್ಮನಿಗೆ ಬದುಕೇ ಬೇಡವಾಗಿದೆಯೆಂದು ತೀರ್ಮಾನಿಸಿ, ತುರ್ತಿಗೆಂದು ನಾನೇ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ ನಮ್ಮ ಮೇಲ್ವಿಚಾರಕಿಯ ಬಳಿ ಅತ್ತಿದ್ದಾಳೆ. ಅದಕ್ಕೇ ಇಂದು ಮೇಲ್ವಿಚಾರಕಿ, "ಬಿಸಿ ಕಡೆ ಹೋಗ್ಬೇಡಪ್ಪಾ" ಎಂದು ನನ್ನನ್ನು ಸರಿಸಿದರು. ವರ್ಷವಿಡೀ ಬೈದ ಬಾಯಲ್ಲಿ ಇಷ್ಟು ಸಿಹಿ ಕೇಳಿ ನನಗೆ ನಗು ಬಂತು. "ನೋಡಿ ಮೇಡಂ, ನಗ್ತಾ ನಗ್ತಾ ಎಲ್ಲಾ ಒಳಗೇ ಇಟ್ಕೊಂಡಿದಾನೆ, ಪಾಪ" ಎಂದಳು ಜೊತೆಗಾತಿ. ಇನ್ನೂ ಜೋರಾಗಿ ನಕ್ಕೆ. ಅವಳು ತನ್ನ ಬಿಸ್ಕತ್ತಿನ ಪೊಟ್ಟಣವನ್ನೇ ಕೊಟ್ಟುಬಿಟ್ಟಳು. ಸುಖವಾಗಿದ್ದೇನೆಂದು ಸಾಧಿಸಲು ಶಿಳ್ಳೆ ಹಾಕಿದೆ. ಆಗಿನಿಂದ ಶೌಚಾಲಯದ ಬಾಗಿಲಿನವರೆಗೂ ಯಾರಾದರೊಬ್ಬರು ಜೊತೆಗೆ ಬರತೊಡಗಿದರು.

ಆದಕಾರಣ ತಮ್ಮ ಆ ಪುಟ್ಟ ಗುಂಡು ಮೈಮೇಲೆ ಜಾಗವಿದ್ದರೆ, 'ಇವನಿಗೆ ದುಃಖವಿಲ್ಲ, ಗಮನವಿಲ್ಲ ಅಷ್ಟೇ' ಎಂದು ಅಚ್ಚು ಹಾಕಿಸಿಕೊಳ್ಳಬೇಕಾಗಿ ವಿನಂತಿ. ಆಗದಿದ್ದರೆ ತಾವೇ ಖುದ್ದಾಗಿ ಅಕ್ಕನಿಗೆ ಫೋನ್ ಮಾಡಿ ಹೇಳಿ.

ಏಕೆಂದರೆ ಸಂಜೆ ಅವಳ ಅಪ್ಪಣೆಯಾಯಿತು: "ಅದನ್ನ ಇವತ್ತೇ ಬಿಸಾಕು. ಇಲ್ಲಾಂದ್ರೆ ನಾನೇ ಬಂದು ಕಿವಿ ಹಿಡ್ಕೊಂಡು ಕರ್ಕೊಂಡ್ ಬರ್ತೀನಿ." ಅಕ್ಕ ಹೇಳಿದ್ದನ್ನು ಮಾಡಿಯೇ ತೀರುವವಳು. ತಮ್ಮನ್ನು ಹಠಾತ್ತನೆ ಬಿಡಬಾರದೆಂಬ ಡಾಕ್ಟರ ಮಾತು ಹೇಳಿದೆ, ಬಿಟ್ಟರೆ ಮತ್ತೆ ಕಿಟಕಿಯಾಚೆ ಹೋಗಿಬಿಡುತ್ತೇನೆಂದು ಬೇಡಿಕೊಂಡೆ. ಅವಳು ಉಸಿರು ತೆಗೆದುಕೊಳ್ಳದೆ ಬೈದಳು. ಹಿಂದೆಲ್ಲ ಅವಳು ಬೈಯುವಾಗ ಹೂಂಗುಡುತ್ತಾ ನಾನು ಗೋಡೆಯ ಬಿರುಕಿನೊಳಗೆ ಪ್ರವಾಸ ಹೋಗಿರುತ್ತಿದ್ದೆ. ಇಂದು, ತಮ್ಮ ದಯೆ, ಒಂದು ಮಾತಿನಿಂದಲೂ ತಪ್ಪಿಸಿಕೊಳ್ಳಲಾಗಲಿಲ್ಲ. ಬೈಗುಳದ ನಡುವೆ, ಗ್ಯಾಸ್ ಮುಗಿದಿದೆ ಎನ್ನುವಷ್ಟು ಸಲೀಸಾಗಿ ಅವಳೆಂದಳು: "ನನಗೂ ಬೆಳಗ್ಗೆ ಎದ್ದೇಳೋಕೇ ಮನಸ್ಸಾಗಲ್ಲ, ಹಾಗಂತ ನಾನೇನು ಮಾತ್ರೆ ನುಂಗ್ತಾ ಕೂತಿದೀನಾ?"

"ಅಕ್ಕಾ, ಎಷ್ಟು ದಿನದಿಂದ?" ಎಂದೆ.

ಅವಳು ಬೈಗುಳವನ್ನು ಅರ್ಧಕ್ಕೇ ಬಿಟ್ಟಳು. ನಮ್ಮಕ್ಕ ಹಾಗೆ ಬಿಟ್ಟದ್ದನ್ನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ. "ಯಾರೋ ಬಂದ್ರು, ಇಡ್ತೀನಿ" ಎಂದು ಫೋನಿಟ್ಟಳು.

ಮಾನ್ಯರೇ, ನೆಮ್ಮದಿಯಾಗಿ ಏನೂ ಕೇಳಿಸಿಕೊಳ್ಳದೆ ಬದುಕಿದ್ದವನಿಗೆ ಇದನ್ನೆಲ್ಲ ಕೇಳಿಸಿದ ತಮ್ಮ ಮೇಲೆ ನನ್ನ ಕಠಿಣ ಆಕ್ಷೇಪವಿದೆ. ತಮ್ಮನ್ನು ಬಿಸಾಡಬೇಕೆಂಬ ಅರ್ಜಿಯನ್ನು ಈ ಮೂಲಕ ವಜಾ ಮಾಡಲಾಗಿದೆ.

ನಿನ್ನೆಯವರೆಗೆ ಅನುಮಾನದಿಂದ, ಇಂದಿನಿಂದ ಕಣ್ಣು ಮುಚ್ಚಿ ನುಂಗುವ
ತಮ್ಮ ವಿಶ್ವಾಸಿ,
ಅಕ್ಕನಿಗೆ ಇರುವ ಒಬ್ಬನೇ ತಮ್ಮ

ಬಾಲಂಗೋಚಿ: ಈಗಷ್ಟೇ ಅಕ್ಕನ ಮೆಸೇಜು ಬಂತು. ನಾಳೆ ಅವಳ ಜೊತೆ ಮಾತಾಡುವ ಹೊತ್ತಿಗೆ ತಾವು ತೂಕಡಿಸಿ ಕರ್ತವ್ಯ ಮರೆತರೆ, ದೂರು ಡಾಕ್ಟರಿಗಲ್ಲ, ನೇರ ಅವಳಿಗೇ ಕೊಡುತ್ತೇನೆ. ಅವಳ ಬೈಗುಳಕ್ಕೆ ಸಿಕ್ಕವರು ಯಾರೂ ಇನ್ನೂ ಉಳಿದ ಉದಾಹರಣೆಯಿಲ್ಲ. ಮೆಸೇಜು ಇಷ್ಟೇ: "ಬಿಸಾಕ್ಬೇಡ, ಇರ್ಲಿ. ನಾಳೆ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡು. ಆಗ ಮನೇಲಿ ಯಾರೂ ಇರಲ್ಲ."