ನಮ್ಮ ಸೆವಲೆಗೆ ಮೈನಸ್ ಮಾರ್ಕು ಕೊಟ್ಟ ಕಂಪ್ಯೂಟರ್‌ರವರಿಗೆ

ಮಾನ್ಯರೇ,

ದಿಂಡಿಗಲ್ಲಿನ ತಣ್ಣನೆಯ ಎ.ಸಿ. ಕೋಣೆಯಲ್ಲಿ ಕೂತು, ಒಂದು ಸೆಗಣಿ ಬುಟ್ಟಿಯನ್ನೂ ಹೊರದೆ, ಊರೂರ ದನಗಳ ಹಣೆಬರಹ ಬರೆಯುತ್ತಿರುವ ತಮ್ಮ ಪಾದಗಳಿಗೆ, ಪಾದಗಳಿದ್ದರೆ, ಉತ್ತಮಪಾಳಯದ ಮೂಕಯ್ಯನ ಸಾಷ್ಟಾಂಗ ನಮಸ್ಕಾರಗಳು. ನಾನು ಐದನೆಯ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದ್ದರಿಂದ ಎಲ್ಲಾದರೂ ಬೈದಂತೆ ಕಂಡರೆ ಅದು ಬೈಗುಳವೇ ಎಂದು ತಿಳಿಯತಕ್ಕದ್ದು.

ಸೆವಲೆ ಎಂಬವನು ನಮ್ಮ ಊರಿನ ಮಲೆದನಗಳ ಹಿಂಡಿಗೆ ಪಟ್ಟದ ಹೋರಿ. ಹಳೆಯ ಹೋರಿ ಸತ್ತಾಗ, ನಮ್ಮ ತಾತಂದಿರು ಮಾಡಿದಂತೆಯೇ ಹಿಂಡನ್ನೆಲ್ಲ ನಿಲ್ಲಿಸಿ ಮುಂದೆ ಕಬ್ಬಿನ ಕಟ್ಟು ಇಟ್ಟೆವು; ಮೊದಲು ಬಂದು ಜಗಿದವನು ಇವನು, ಪಟ್ಟ ಇವನಿಗಾಯಿತು. ತಮಗಾದರೋ ಒಂದು ಹೋರಿ ಆರಿಸಲು ಸಾವಿರಾರು ದನಗಳ ಜೀನು, ಅವುಗಳ ಹಾಲಿನ ಲೆಕ್ಕ, ಎರಡನ್ನೂ ಗಂಟು ಹಾಕುವ ಸೂತ್ರ ಎಲ್ಲ ಬೇಕಂತೆ. ಇಷ್ಟು ಕಷ್ಟಪಡುವ ಬದಲು ಒಂದು ಕಬ್ಬು ತರಿಸಬಾರದಿತ್ತೇ?

ಕೂದಲಿನಿಂದ ದನದ ಜೀನು ಓದುವ ತಮ್ಮ ಯೋಜನೆಯಲ್ಲೇ ಕೆಲಸಕ್ಕಿರುವ ನನ್ನ ಅಳಿಯ ಮಣಿಕಂಡನ್ ಹೋದ ತಿಂಗಳು ಒಂದು ಚಿಕ್ಕ ಚೀಲ ಕೊಟ್ಟು, ಸೆವಲೆಯ ಬಾಲದ ಕೂದಲನ್ನು ಬುಡಸಮೇತ ಕಿತ್ತು ಇದರಲ್ಲಿ ಹಾಕಿಡಿ ಎಂದು ಹೇಳಿ ಹೋದ. ಪಟ್ಟದ ಹೋರಿಯ ಒಂದು ಕೂದಲನ್ನೂ ಕೀಳಬಾರದೆಂಬ ಕಟ್ಟಳೆ ನಮ್ಮಲ್ಲಿರುವುದರಿಂದ ನಾನು ಆ ಕೆಲಸವನ್ನು ಹೆಂಡತಿ ಸರಸುಗೆ ಒಪ್ಪಿಸಿ ಜಗಲಿಯ ಮೇಲೆ ಮಲಗಿಬಿಟ್ಟೆ. ನಿದ್ದೆಯಲ್ಲಿ ಮೂಗಿನ ಕೆಳಗೆ ಕಟ್ಟಿರುವೆ ಕಚ್ಚಿತು. ಏಳುವಷ್ಟರಲ್ಲಿ ಚೀಲ ದಿಂಡಿಗಲ್ಲಿಗೆ ಹೊರಟಿತ್ತು.

ಈಗ ತಮ್ಮ ತೀರ್ಪು ಬಂದಿದೆ. ಕೋಪ ಹೆಚ್ಚು, ಮೇವು ಹೆಚ್ಚು, ದುಡಿಮೆ ಕಡಿಮೆ, ಕೋಪ ಹೆಣ್ಣು ಸಂತಾನಕ್ಕೂ ತಪ್ಪದೆ ಇಳಿಯುತ್ತದೆ, ಆದಕಾರಣ ಬೀಜ ಒಡೆಸುವುದು ಉತ್ತಮ! ಆಹಾ, ಎಂಥ ದಿವ್ಯದೃಷ್ಟಿ! ಮಕ್ಕಳು ಕೊಂಬಿಗೆ ಜೋತುಬಿದ್ದರೂ ಸುಮ್ಮನೆ ಮೆಲುಕು ಹಾಕುವ ಸಾಧುವಿಗೆ ಕೋಪವಂತೆ! ತಮ್ಮ ಮಾತು ನಂಬಿ ಹಿಂಡಿನ ಹಿರಿಯರು ಶುಕ್ರವಾರ ಸೆವಲೆಯ ಪಟ್ಟ ಇಳಿಸುತ್ತಾರಂತೆ. ಪಟ್ಟ ಇಳಿದ ಮೇಲೆ ಮುಟ್ಟಬಹುದಲ್ಲ, ಆಗ ದನದ ಡಾಕ್ಟರು ಇಕ್ಕಳ ಹಿಡಿದು ಬರುತ್ತಾರಂತೆ. ಆಮೇಲೆ ಈ ಹಿಂಡಿನಲ್ಲಿ ಅವನ ಒಂದು ಕರುವೂ ಹುಟ್ಟುವುದಿಲ್ಲ.

ಕೂದಲಲ್ಲಿ ತಮಗೆ ಓದಲಾಗದ ಜಾಗವೇ ಬಹಳವಿತ್ತಂತೆ, ಅಲ್ಲೆಲ್ಲ ತಾವು ಕಂಡ ಜರ್ಸಿ ದನಗಳನ್ನು ನೋಡಿ ಅಂದಾಜಿನಲ್ಲಿ ತುಂಬಿದಿರಂತೆ. ಅದ್ಭುತ ವಿದ್ಯೆ ಸ್ವಾಮೀ! ನನ್ನ ಬಾಯಲ್ಲೂ ಸುಮಾರು ಹಲ್ಲಿನ ಜಾಗ ಖಾಲಿ ಇದೆ. ಪಕ್ಕದ ಮನೆ ವೇಲುವಿನ ಬಾಯಿ ನೋಡಿ ತುಂಬಿಕೊಡಬೇಕೆಂದು ಕೋರುತ್ತೇನೆ. ಹಾಗೆಯೇ ಮಲೆದನ ಎಂದರೇನೆಂದು ತಿಳಿಯಲು ತಾವು ಒಂದು ವಾರ ನಮ್ಮ ಜೊತೆ ಬೆಟ್ಟ ಹತ್ತಿ ಮೇಯಬೇಕು. ಕರೆಂಟಿನ ವೈರು ಎಷ್ಟುದ್ದ ಬೇಕಾದರೂ ನಾನೇ ಹಿಡಿದುಕೊಂಡು ಬರುತ್ತೇನೆ. ಏನಾದರಾಗಲಿ, ಶುಕ್ರವಾರದೊಳಗೆ ತೀರ್ಪು ವಾಪಸು ತೆಗೆದುಕೊಳ್ಳಿ.

ತಮ್ಮನ್ನು ನಂಬಲು ಒದ್ದಾಡುತ್ತಿರುವ
ತಮ್ಮ ವಿಶ್ವಾಸಿ,
ಮೂಕಯ್ಯ

ಮರುಬರಹ: ಇಷ್ಟನ್ನೂ ಸರಸುಗೆ ಓದಿ ಹೇಳಿದೆ. ಅವಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, "ಅಯ್ಯೋ ಮಾಮಾ, ಸಾಮಿ ಹೋರಿ ಬಾಲಕ್ಕೆ ಯಾರಾನ ಕೈ ಹಾಕ್ತಾರಾ? ನೀ ಗೊರ್ಕೆ ಹೊಡೀತಿದ್ದೆ, ನಿನ್ ಮೀಸೇದೇ ಕಿತ್ತು ಹಾಕ್ದೆ" ಎಂದಳು. ಹಿರಿಯರಿಗೂ ಹೇಳಿ ಬಂದಿದ್ದಾಳೆ, ಸೆವಲೆಯ ಪಟ್ಟ ಉಳಿಯಿತು. ಆದರೆ ತಮ್ಮ ಲೆಕ್ಕ ಎಳ್ಳಷ್ಟೂ ತಪ್ಪಿಲ್ಲವೆಂದು ಸರಸುವೂ, ನನ್ನ ಮಗಳು ಜೆಯಂತಿ ಅತ್ತ ಹೋದದ್ದನ್ನು ನೋಡಿಕೊಂಡು, ಹೆಣ್ಣು ಸಂತಾನದ ಕೋಪವನ್ನು ಕಮ್ಮಿಯೇ ಹೇಳಿದ್ದೀರೆಂದು ಅವಳ ಗಂಡ, ನನ್ನ ಅಳಿಯನೂ ತಮ್ಮನ್ನು ಹೊಗಳುತ್ತಿದ್ದಾರೆ. ಶುಕ್ರವಾರ ಬರಬೇಡಿರೆಂದು ಡಾಕ್ಟರಿಗೆ ಇನ್ನೂ ಯಾರೂ ಹೇಳಿಲ್ಲ. ತಮ್ಮ ಕೊನೆಯ ಸಲಹೆ ನನಗೆ ಅನ್ವಯಿಸುವುದಿಲ್ಲವೆಂದು ದಯಮಾಡಿ ಸೀಲು ಹಾಕಿ ಕಳಿಸಿ; ಅಲ್ಲಿಯವರೆಗೆ ನಾನು ಬೆಟ್ಟದ ಮೇಲೆ ಸೆವಲೆಯ ಹಿಂದೆ ಅಡಗಿರುತ್ತೇನೆ.