ನೂರಕ್ಕೊಂದು ಬೇರಿಂಗ್

ನಕಲಿ ಬೇರಿಂಗ್ ಈ ಮನೆಯ ಹೊಸ್ತಿಲು ದಾಟಬೇಕಾದರೆ ಮೊದಲು ನನ್ನನ್ನು ದಾಟಬೇಕು! ಹೀಗೆಂದು ಶನಿವಾರ ಬೆಳಿಗ್ಗೆ ಘೋಷಿಸಿದೆ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಬಂದ ಮಾಲನ್ನು ಪರೀಕ್ಷಿಸಿ ಒಳಗೆ ಬಿಡುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ನನ್ನ ಹೆಂಡತಿ ಅನುಸೂಯ ಸಮೇತನಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾಳೆ. ಅದರ ಬೇರಿಂಗ್ ಹಿಂದಿನ ದಿನವೆಲ್ಲ ಕಿರುಚಿ ಕಿರುಚಿ, ಸಂಜೆ ಹೊತ್ತಿಗೆ ಮಿಲ್ಲನ್ನೇ ನಿಲ್ಲಿಸಿಬಿಟ್ಟಿತ್ತು.

"ನಾಳೆ ಊರ ದೇವ್ರಿಗೆ ದೀಪದಾರತಿ ಕಣ್ರೀ. ಹದಿನೆಂಟು ಮನೆ ತಂಬಿಟ್ಟಿನ ಅಕ್ಕಿ ನನ್ನ ನಂಬ್ಕೊಂಡು ಕೂತದೆ. ಬೇಗ ತಂದ್ಕೊಡಿ ಸಾಕು."

"ಬೇಗ ತರೋಕೆ ಯಾರಾದ್ರೂ ಆಗ್ತಾರೆ. ಒಳ್ಳೇದು ತರೋನು ನಾನೊಬ್ನೇ!"

ಹೊಸಕೋಟೆಯಲ್ಲಿ ಮೂರು ಅಂಗಡಿಗಳನ್ನು ತಿರಸ್ಕರಿಸಿದೆ. ಒಂದು ಕಡೆ ಡಬ್ಬಿಯ ಮೇಲಿನ ಅಕ್ಷರ ಮಸುಕು. ಇನ್ನೊಂದು ಕಡೆ ಬೇರಿಂಗಿನ ಮೇಲೆ ಕೊರೆದ ನಂಬರು ಓರೆ. ಮತ್ತೊಂದರ ಮಾಲೀಕನ ನಗುವೇ ಹಿಡಿಸಲಿಲ್ಲ. ನಾಲ್ಕನೆಯ ಅಂಗಡಿಯಲ್ಲಿ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಸದ್ದೇ ಇಲ್ಲ! ಎರಡೂ ಬದಿಗೆ ಕಪ್ಪು ರಬ್ಬರಿನ ಸೀಲು. ಒಳಗಿನ ಗ್ರೀಸು ಹೊರಗೆ ಬರದಂತೆ, ಹೊರಗಿನ ಹಿಟ್ಟು ಒಳಗೆ ಹೋಗದಂತೆ. ತಾಳಿ ತರುವವನ ಹಾಗೆ ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಮಿಲ್ಲಿನಲ್ಲಿ ಮೆಕ್ಯಾನಿಕ್ ಸೊಣ್ಣಪ್ಪ ಕಾಯುತ್ತಿದ್ದ. ಅವನು ಹಳೆಯದನ್ನು ಕಳಚುವಷ್ಟರಲ್ಲಿ ನನ್ನ ಹತ್ತೊಂಬತ್ತು ವರ್ಷದ ಕೈ ಸುಮ್ಮನಿರಲಿಲ್ಲ. ಕಾರ್ಖಾನೆಯ ನಿಯಮವೇ ಹಾಗೆ: ನೂರು ಬೇರಿಂಗ್ ಬಂದರೆ ಒಂದನ್ನು ಬಿಚ್ಚಿ ಒಳಗೆ ನೋಡಲೇಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಸೀಲು ಹರಿದು ಹಾರಿತು. ಮಿಲ್ಲಿನಲ್ಲಿ ಸದಾ ತೇಲುವ ಹಿಟ್ಟಿನ ಧೂಳೆಲ್ಲ ಬಂದು ಗ್ರೀಸಿಗೆ ಮೆತ್ತಿಕೊಂಡಿತು. ಒಳಗಿನ ಗುಂಡುಗಳು ಮಾತ್ರ ಕನ್ನಡಿ!

"ಅಸಲಿ ಮಾಲು!" ಎಂದು ಕೂಗಿದೆ.

ಸೊಣ್ಣಪ್ಪ ಸ್ಪ್ಯಾನರ್ ಕೆಳಗಿಟ್ಟ. "ಅಲ್ಲಣ್ಣ, ಎಷ್ಟು ತಂದಿದ್ರಿ?"

ಆಗ ಹೊಳೆಯಿತು. ನಾನು ತಂದಿದ್ದೇ ಒಂದು.

ಅನುಸೂಯ ಅಕ್ಕಿ ಚೀಲಗಳ ಸಾಲು ನೋಡಿದಳು, ಗಡಿಯಾರ ನೋಡಿದಳು, ಆಮೇಲೆ ನನ್ನನ್ನು. ಬೈಯುತ್ತಾಳೆಂದು ಕಾದೆ. ಅವಳೋ, ಗಾಡಿಯ ಕೀ ತಂದು ಅಂಗೈಯಲ್ಲಿಟ್ಟಳು.

"ಈ ಸಲ ಎರಡು ತನ್ನಿ. ಒಂದು ಮಿಲ್ಲಿಗೆ, ಒಂದು ನಿಮ್ಗೆ."

ಮೂರು ಗಂಟೆಗೆ ಮಿಲ್ಲು ತಿರುಗಿತು. ಕಿರುಚಾಟವಿಲ್ಲ, ನಡುಕವಿಲ್ಲ, ಅಕ್ಕಿ ಹಿಟ್ಟು ಬೆಳ್ಳಗೆ ಸುರಿಯಿತು. ಬೆಳಗಿನಿಂದ ಕಾದಿದ್ದ ಪಕ್ಕದ ಮನೆಯ ನರಸಮ್ಮ ಸುಮ್ಮನೆ ಬಿಡುವವರಲ್ಲ.

"ಏನಮ್ಮಾ ಅನುಸೂಯ, ನಿಮ್ಮೆಜಮಾನ್ರು ಎರಡೆರಡು ಸಲ ಹೊಸ್ಕೋಟೆಗೆ ಓಡಿದ್ರಂತೆ?"

ನಾನು ಚೀಲದ ಮರೆಗೆ ಸರಿದೆ.

"ಮೊದಲ್ನೇದು ಅವ್ರಿಗೆ ಒಪ್ಪಿಗೆ ಆಗ್ಲಿಲ್ಲ ಕಣತ್ತೆ," ಎಂದಳು ಅನುಸೂಯ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಒಳಗೂ ಹೊರಗೂ ನೋಡ್ದೆ ಏನೂ ಹಾಕ್ಸೋರಲ್ಲ ಅವ್ರು."

ಸೊಣ್ಣಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನನ್ನ ಎದೆಯೋ, ಎರಡಿಂಚು ಉಬ್ಬಿತು! ಆ ಉಬ್ಬಿನಲ್ಲೇ ಕೈ ತಾನಾಗಿ ಎರಡನೆಯ ಡಬ್ಬಿಯ ಕಡೆ ಸರಿದಿತ್ತು. ಅಷ್ಟರಲ್ಲಿ ಅವಳು ಕಾಫಿ ಲೋಟ ತಂದು ಮುಂದೆ ಹಿಡಿದು, ನನಗಷ್ಟೇ ಕೇಳುವಂತೆ ಹೇಳಿದಳು:

"ಬಿಸಿಬಿಸಿ ಕುಡೀರಿ. ಆ ಸ್ಕ್ರೂಡ್ರೈವರ್ ಮಾತ್ರ ಇತ್ಲಾಗ್ ಕೊಟ್ಬಿಡಿ."