ಬಾನೆಟ್ಟಿನ ಮೇಲಿನ ರೊಟ್ಟಿ

ನಮ್ಮ ಮೈದುನ ಹೆಣ್ಣು ನೋಡಲು ಹೋದಾಗ ಅರ್ಧ ಕಪ್ಪು ಚಹಾದೊಳಗೆ ಒಪ್ಪಿಗೆ ಹೇಳಿ ಎದ್ದು ಬಂದವನು. ಉಳಿದರ್ಧ ಕಪ್ಪು ಕುಡಿದಿದ್ದರೆ ಹುಡುಗಿಯ ಹೆಸರನ್ನಾದರೂ ಕೇಳುತ್ತಿದ್ದನೇನೋ. ಅಂಥವನು ಹಳೆಯ ಜೀಪಿನ ಬದಲಿಗೆ ಇನ್ನೊಂದು ಗಾಡಿ ಆರಿಸಲು ಎಂಟು ತಿಂಗಳು ತೆಗೆದುಕೊಂಡ. ಬೆಳಗಾವಿ, ಮೂಡಲಗಿ, ಹುಕ್ಕೇರಿ, ಈ ಮೂರೂ ಊರಲ್ಲಿ ನಾಲ್ಕು ಗಾಲಿ ಇದ್ದದ್ದನ್ನೆಲ್ಲ ನೋಡಿದ. ಎತ್ತಿನ ಬಂಡಿಯೊಂದನ್ನು ಬಿಟ್ಟ, ಅದಕ್ಕೆ ಎರಡೇ ಗಾಲಿ ಎಂದು.

ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನನ್ನ ನೋಡಾಕ ಬಂದಾಗ ಇದರಾಗಿನ ಕಾಲುಭಾಗ ಚೌಕಶಿ ಮಾಡಿದ್ರ, ನಾ ಇವತ್ತ ತವರಮನ್ಯಾಗ ಅರಾಮ ಇರತಿದ್ನಿ ನೋಡ್ರಿ ಅಕ್ಕಾರ" ಎಂದಳು.

"ನಿನಗ ಬಾನೆಟ್ ಇರಲಿಲ್ಲವಾ, ಅದಕ್ಕ ಲಗೂನ ಪಾಸಾದಿ" ಎಂದೆ ನಾನು.

ಬಾನೆಟ್ಟಿನ ಮಾತು ಆಮೇಲೆ ಹೇಳುತ್ತೇನೆ. ಮೊದಲು ಜೀಪು.

ನಾವಿರುವುದು ಮೂಡಲಗಿಯಲ್ಲಿ. ಮೈದುನನದು ಬೆಲ್ಲದ ವ್ಯಾಪಾರ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಚಡ್ಡಿಗೆ ಗುಂಡಿ ಇಲ್ಲದೆ ಸಾಲಿಗೆ ಹೋಗುತ್ತಿದ್ದ. ಆ ಗುಂಡಿ ಹಚ್ಚಿದವಳು ನಾನು. ಆದ್ದರಿಂದ ಅವನನ್ನು ಬೈಯುವ ಹಕ್ಕು ನನಗೆ ಯಾರೂ ಕೊಟ್ಟದ್ದಲ್ಲ, ಸೂಜಿದಾರದ ಜೊತೆಗೇ ಬಂದದ್ದು. ನಮ್ಮ ಮನೆಯವರು ತೀರಿಕೊಂಡ ವರ್ಷವೇ ಅವನು ಆ ಜೀಪು ತಂದ. ಗಿಡ್ಡನೆಯ, ಮುಚ್ಚಿದ ಜೀಪು. ಹಸಿರು ಬಣ್ಣ ಎಂದು ಕಾಗದದಲ್ಲಿ ಇತ್ತು, ಮೈಮೇಲೆ ಇರಲಿಲ್ಲ. ಎಡಗಡೆ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಬಲಗಡೆಯದು ಹೊರಗಿನಿಂದ. ಅಂದರೆ ಒಬ್ಬ ಒಳಗೆ, ಒಬ್ಬ ಹೊರಗೆ ಇದ್ದರೆ ಮಾತ್ರ ಎಲ್ಲರೂ ಇಳಿಯಬಹುದು. ಅದು ಹದಿಮೂರು ವರ್ಷ ಓಡಿತು. ಬೆಲ್ಲ ಹೊತ್ತಿತು, ಬಾಣಂತಿಯರನ್ನು ಹೊತ್ತಿತು. ಒಮ್ಮೆ ನಾಗನೂರಿನ ಕುರುಬರ ಕುರಿ ಕಾಲು ಮುರಿದುಕೊಂಡಾಗ ಅದನ್ನೂ ನನ್ನ ತೊಡೆಯ ಮೇಲೆ ಹೊತ್ತಿತು. ಮೈದುನ ಆ ಜೀಪಿಗೆ ಹೇಳುತ್ತಿದ್ದ ಮೃದು ಮಾತಿನಲ್ಲಿ ಅರ್ಧ ನೆಗೆಣ್ಣಿಗೆ ಹೇಳಿದ್ದರೆ ಆಕೆ ಬಾಗಿಲಲ್ಲಿ ನಿಂತು ಹಾಗೆ ಮಾತಾಡುತ್ತಿರಲಿಲ್ಲ.

ಕಡೆಗೆ ಗೋಕಾಕದ ಮಿಸ್ತ್ರಿ ಒಂದು ದಿನ ಜೀಪಿನ ಕೆಳಗಿಂದ ಹೊರಬಂದು ಕೈ ಒರೆಸಿಕೊಂಡ.

"ಸಾವಕಾರ್ರ, ಇಂಜಿನ್ ಹಿಡದ್ರ ಚಾಸಿ ಬಿಡತೈತಿ, ಚಾಸಿ ಹಿಡದ್ರ ಇಂಜಿನ್ ಬಿಡತೈತಿ. ಇದರ ಮ್ಯಾಲೆ ರೊಕ್ಕಾ ಹಾಕಬ್ಯಾಡ್ರಿ. ಸಾವಕಾಶ ಓಡಸೋ ಮಂದಿಗೆ ಕೊಟ್ಟ ಬಿಡ್ರಿ."

ಮೈದುನ ಮೂರು ದಿನ ಮಾತಾಡಲಿಲ್ಲ. ಮನೆಗೆ ಅಂಥ ಮೂರು ಒಳ್ಳೆಯ ದಿನ ಮತ್ತೆ ಬರಲಿಲ್ಲ.

ಈಗ ಬಾನೆಟ್ಟು. ನಾವು ಜೈನರು. ನಮ್ಮಲ್ಲಿ ನೇಮ ಹಿಡಿದವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕತ್ತಲಲ್ಲಿ ಹುಳಹುಪ್ಪಡಿ ಕಾಣುವುದಿಲ್ಲ, ಕಾಣದೆ ಕೊಂದರೂ ಕೊಂದಂತೆಯೇ. ನಮ್ಮ ಮನೆಯವರು ಹೋದ ಮೇಲೆ ನಾನು ಆ ನೇಮ ಹಿಡಿದೆ. ನನ್ನ ತವರು ಹುಕ್ಕೇರಿ. ಅಲ್ಲಿ ನನ್ನ ಅಕ್ಕ ಇದ್ದಾಳೆ. ತಿಂಗಳಿಗೊಮ್ಮೆ ಮೈದುನ ಜೀಪಿನಲ್ಲಿ ಕರೆದುಕೊಂಡು ಹೋಗಿ ತರುತ್ತಿದ್ದ. ತಿರುಗಿ ಬರುವಾಗ ಹೊತ್ತು ಎಲ್ಲಿ ಮುಳುಗುತ್ತದೆ ಎಂಬುದು ಜೀಪಿನ ಮರ್ಜಿ. ಮೊದಮೊದಲು ಒಮ್ಮೆ ಘಟಪ್ರಭಾದ ರೈಲು ಗೇಟಿನಲ್ಲೇ ಮುಳುಗಿತು. ಗೇಟು ಹಾಕಿದ್ದರು, ಮಾಲಗಾಡಿ ಬಂತು, ಹೋಯಿತು, ಹೊತ್ತೂ ಹೋಯಿತು. ಡಬ್ಬಿ ನನ್ನ ತೊಡೆಯ ಮೇಲೇ ಇತ್ತು, ಬಿಚ್ಚಲಿಲ್ಲ, ಆ ರಾತ್ರಿ ಉಪವಾಸ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ನೀರಿನ ಹರವಿಯ ಜೊತೆ ನಾನೂ ಉರುಳಿದೆ. ಬಿದ್ದವಳು ನಾನಾದರೂ ಓಣಿಯಲ್ಲಿ ಸುದ್ದಿಯಾದದ್ದು ಹರವಿ, ಅದು ಹೊಸದಿತ್ತು.

ಆ ಮಳೆಗಾಲ ನಮ್ಮೂರಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ಉಳಿದಿದ್ದರು. ಮೈದುನ ದಿನಾಲು ಪ್ರವಚನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದ. ನಿದ್ದೆಯಲ್ಲೇ ಧರ್ಮ ಕಿವಿಗೆ ಇಳಿಯಿತೋ ಏನೋ, ಒಂದು ದಿನ ಬಂದು ಅಂದ:

"ವೈನಿ, ನಾನೂ ನೇಮಾ ಹಿಡದೇನ್ರಿ. ಇನ್ನ ಹೊತ್ತ ಮುಳಗಿದ ಮ್ಯಾಲೆ ಊಟಿಲ್ಲ."

ಅಂದಿನಿಂದ ಶುರುವಾಯಿತು. ಹೊತ್ತು ಕೆಂಪಗಾಗುವುದೇ ತಡ, ಎಲ್ಲಿದ್ದರೆ ಅಲ್ಲಿ ಜೀಪು ನಿಲ್ಲಿಸುತ್ತಿದ್ದ. ಕಾಲುವೆ ದಂಡೆಯಾಗಲಿ, ಕಬ್ಬಿನ ಹೊಲವಾಗಲಿ. "ನೇಮ ಅಂದ್ರ ನೇಮ" ಎಂದು ಇಳಿಯುತ್ತಿದ್ದ. ಕುಳಿತಲ್ಲೇ ಗಾಡಿಯೊಳಗೆ ಉಂಡರೆ ನನಗೆ ಹೊಟ್ಟೆ ತೊಳಸುತ್ತದೆ. ನೆಲದ ಮೇಲೆ ಕುಳಿತರೆ ಮೊಣಕಾಲು ಏಳಗೊಡುವುದಿಲ್ಲ. ಆದ್ದರಿಂದ ಬಾನೆಟ್ಟಿನ ಮೇಲೆ ಡಬ್ಬಿ ಬಿಚ್ಚಿ ಇಬ್ಬರೂ ಎರಡು ಕಡೆ ನಿಂತು ಉಣ್ಣುತ್ತಿದ್ದೆವು. ಆ ಬಾನೆಟ್ಟು ಮಣೆಯಷ್ಟು ಸಪಾಟ. ಕೆಳಗೆ ಇಂಜಿನ್ನಿನ ಕಾವಿಗೆ ರೊಟ್ಟಿ ಬೆಚ್ಚಗೆ, ಪುಂಡಿಪಲ್ಯ ಬೆಚ್ಚಗೆ. ಒಮ್ಮೆ ಒಬ್ಬ ಪೊಲೀಸು ಸೈಕಲ್ ನಿಲ್ಲಿಸಿ, "ಏನ್ರಿ, ಗಾಡಿ ಕೆಟ್ಟೈತೇನ್ರಿ?" ಎಂದ. "ಇಲ್ರಿ ಸಾಹೇಬ್ರ, ಊಟಕ್ಕ ಕುಂತೈತಿ" ಎಂದ ಮೈದುನ. ಪೊಲೀಸನೂ ಒಂದು ರೊಟ್ಟಿ ತಿಂದು ಹೋದ.

ಒಂದು ವಿಚಿತ್ರ ಹೇಳಬೇಕು. ಇಷ್ಟೆಲ್ಲ ಗಡಿಬಿಡಿ ಮಾಡಿ ನಿಲ್ಲಿಸಿದವನು ತಾನು ಅರ್ಧ ರೊಟ್ಟಿ ತಿಂದು "ಸಾಕ್ರಿ ವೈನಿ" ಎಂದು ಕೈ ತೊಳೆಯುತ್ತಿದ್ದ. ಅರ್ಧ ರೊಟ್ಟಿಯ ಮೇಲೆ ರಾತ್ರಿಯೆಲ್ಲ ಉಪವಾಸ ಇರುವವನ ಹೊಟ್ಟೆ ವರ್ಷ ವರ್ಷಕ್ಕೆ ಅಂಗಿಯ ಗುಂಡಿ ಹಾರಿಸುತ್ತಿತ್ತು. "ತಪಸ್ಸು ಮೈಗೆ ಹತ್ತೈತಿ" ಎಂದು ನಾನು ಓಣಿಯಲ್ಲೆಲ್ಲ ಹೇಳಿ ನಗಿಸಿದ್ದೇನೆ. ಹನ್ನೆರಡು ವರ್ಷ ನಗಿಸಿದ್ದೇನೆ.

ಹೊಸ ಗಾಡಿಯ ಹುಡುಕಾಟ ಶುರುವಾದದ್ದು ಬೆಳಗಾವಿಯ ಶೋರೂಮಿನಿಂದ. ನನ್ನನ್ನೂ ಕರೆದುಕೊಂಡು ಹೋದ. ಜೊತೆಗೆ ಡಬ್ಬಿಯನ್ನೂ. ಟೈ ಕಟ್ಟಿದ ಹುಡುಗನೊಬ್ಬ ಬೆಳ್ಳನೆಯ ಗಾಡಿಯ ಬಾಗಿಲು ತೆರೆದು ಎಸಿ, ಟೇಪು, ಗಾಜು ತಾನೇ ಇಳಿಯುವುದು, ಎಲ್ಲ ತೋರಿಸಿದ. ಮೈದುನ ಯಾವುದನ್ನೂ ನೋಡಲಿಲ್ಲ. ಮುಂದೆ ಹೋಗಿ ಬಾನೆಟ್ಟಿನ ಮೇಲೆ ಡಬ್ಬಿ ಇಟ್ಟು ಕೈ ಬಿಟ್ಟ. ಡಬ್ಬಿ ಮದುಮಗಳ ಹಾಗೆ ಮೆಲ್ಲಗೆ ಹೊರಟು, ಆಮೇಲೆ ಓಡಿ, ಹೊಳೆಯುವ ಫರ್ಸಿಯ ಮೇಲೆ ಬಿತ್ತು. ಶೇಂಗಾ ಚಟ್ನಿ ಹುಡುಗನ ಬೂಟಿನ ಮೇಲೆ.

"ಸರ್, ಇಳಿಜಾರು ಬೇಕಂತಲೇ ಮಾಡಿದ್ದು. ಗಾಳಿ ಮೇಲೆ ಹೋಗಬೇಕಲ್ಲ" ಎಂದ ಹುಡುಗ, ಬೂಟು ಒರೆಸುತ್ತ.

"ಗಾಳಿ ತನ್ನದ ತಾನ ನೋಡಕೋತೈತಿ. ನಮ್ಮ ಚಟ್ನಿ ಗತಿ ಏನ?" ಎಂದ ಮೈದುನ.

ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನಗೇ ನಾಚಿಕೆಯಾಯಿತು. ಕಲಿತ ಇವನಿಗೆ ಆಗಲಿಲ್ಲ.

ಎರಡನೆಯದು ಹುಕ್ಕೇರಿಯ ಒಬ್ಬ ಡಾಕ್ಟರರ ಗಾಡಿ. ಬಾನೆಟ್ಟು ಸಪಾಟ. ಮೈದುನನ ಮುಖ ಅರಳಿತು. "ವೈನಿ, ಬರ್ರಿ ಇಲ್ಲೆ, ನಿಂದರ್ರಿ" ಎಂದು ನನ್ನನ್ನು ಗಾಡಿಯ ಬಾಜೂಕ್ಕೆ ನಿಲ್ಲಿಸಿದ. ಬಾನೆಟ್ಟು ನನ್ನ ಗದ್ದಕ್ಕೆ ಬಂತು.

"ಇದು ನಡಿಯೂದಿಲ್ರಿ ಡಾಕ್ಟರ್. ವೈನ್ಯಾರ ಕೈ ನಿಲುಕೂದಿಲ್ಲ."

"ನಿಮ್ಮ ವೈನಿಯವರು ಗಾಡಿ ಓಡಸ್ತಾರೇನ್ರಿ?" ಎಂದರು ಡಾಕ್ಟರು.

"ಇಲ್ರಿ, ಪಲ್ಯಾ ಬಡಸ್ತಾರ."

ಡಾಕ್ಟರರು ಅವನ ಕಣ್ಣಿನ ರೆಪ್ಪೆ ಎತ್ತಿ ನೋಡುವುದೊಂದು ಬಾಕಿ ಇತ್ತು. ಗಾಡಿ ಬೇಡವಾದದ್ದಕ್ಕೆ ನನ್ನ ಗಿಡ್ಡತನವನ್ನು ಮುಂದೆ ಮಾಡಿದನಲ್ಲ ಎಂದು ನನಗೆ ಸಿಟ್ಟು ಬಂತು.

ಮೂರನೆಯದು ನಮ್ಮೂರಿನ ಮಾಸ್ತರರೊಬ್ಬರದು. ಎತ್ತರ ಸರಿ, ಸಪಾಟವೂ ಸರಿ. ಮೈದುನ ಇಂಜಿನ್ ಚಾಲೂ ಮಾಡಿಸಿ, ಮೇಲೆ ಎರಡು ತಣ್ಣನೆಯ ರೊಟ್ಟಿ ಇಟ್ಟು, ಕೈಗಡಿಯಾರ ನೋಡುತ್ತ ನಿಂತ. ಓಣಿ ಸೇರಿತು. ಮಾಸ್ತರರ ತಾಯಿ ಹೊರಗೆ ಬಂದು, "ಒಲಿ ಹಚ್ಚೇನಿ, ಒಳಗ ತರ್ರಿ, ಕಾಸಿ ಕೊಡ್ತೇನಿ" ಎಂದಳು. ಕಾಲು ತಾಸಾದರೂ ರೊಟ್ಟಿ ತಣ್ಣಗೇ ಇತ್ತು. ಬಾನೆಟ್ಟಿನ ಒಳಗೆ ಏನೋ ಕಂಬಳಿ ಹೊದಿಸಿದ್ದರಂತೆ. "ನಿಮ್ಮ ಗಾಡಿಗೆ ಮಾಯಾ ಮಮತಾ ಇಲ್ರಿ ಮಾಸ್ತರ" ಎಂದು ರೊಟ್ಟಿ ಮಡಚಿಕೊಂಡು ಬಂದ. ಆ ಮಾಸ್ತರರು ಇವತ್ತಿಗೂ ನಮ್ಮ ಮನೆಯ ಯಾರನ್ನು ಕಂಡರೂ ರಸ್ತೆ ದಾಟುತ್ತಾರೆ.

ಇವನ ಈ ಆಟದ ನಡುವೆ ಹುಕ್ಕೇರಿಯಲ್ಲಿ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದಳು. ಆಕೆಗೆ ಮಕ್ಕಳಿಲ್ಲ, ಇರುವವಳು ನಾನೊಬ್ಬಳೇ ತಂಗಿ. ವಾರಕ್ಕೊಮ್ಮೆಯಾದರೂ ಹೋಗಿ ತಲೆ ಬಾಚಿ ಬರಬೇಕು. ಜೀಪು ಗೋಕಾಕ ದಾಟುವ ಹಾಗಿಲ್ಲ. ನಾನು ಮೈದುನನ ಮುಂದೆ ಹೋಗಿ ನಿಂತೆ.

"ಗಾಡಿ ತರತೀಯೋ, ನಾ ಗಂಟ ಕಟ್ಟಿ ಹುಕ್ಕೇರಿಗೆ ಹೋಗಿ ಅಲ್ಲೇ ಇರಲೋ?"

"ವೈನಿ, ಇನ್ನೊಂದ ಎರಡ ಗಾಡಿ ನೋಡೂಣ್ರಿ."

"ನಿನ್ನ ಹೊಟ್ಟಿ ಸಲುವಾಗಿ ನನ್ನ ಅಕ್ಕ ಸಾಯಬೇಕೇನ? ಅರ್ಧ ರೊಟ್ಟಿ ತಿನ್ನಾಂವಗ ಇಷ್ಟ ಅಗಲ ಟೇಬಲ್ ಯಾಕ ಬೇಕು?"

ನಾನು ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಅಕ್ಕನ ತಲೆ ಬಾಚಿ, ಗಂಜಿ ಕುಡಿಸಿ, ಮಧ್ಯಾಹ್ನವೇ ಹೊರಟು ಘಟಪ್ರಭಾಕ್ಕೆ ಬಂದಾಗ ಮೂಡಲಗಿಯ ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ಸಿಕ್ಕರೂ ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಸ್ಟೇಷನ್ನಿನ ಎದುರಿನ ಭಜಿ ಅಂಗಡಿಯ ಬಾಕಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದೆ. ಅಂಗಡಿಯ ಮುದುಕ ನೀರಿನ ತಂಬಿಗೆ ತಂದಿಟ್ಟು ನನ್ನನ್ನೇ ನೋಡಿದ.

"ಮೂಡಲಗಿ ಗಿಡ್ಡ ಜೀಪಿನ ಸಾವಕಾರ್ರ ವೈನ್ಯಾರಲ್ಲೇನ್ರಿ ನೀವು? ಗೇಟಿನ್ಯಾಗ ಗಾಡಿ ನಿಂತಾಗ ನೋಡೇನ್ರಿ. ಈಗೀಗ ಸಾವಕಾರ್ರು ಬರೂದ ಕಡಿಮಿ ಆತ್ರಿ. ಮೊದಲೆಲ್ಲಾ ರಾತ್ರಿ ರೈಲಿಗೆ ಬೆಲ್ಲಾ ಹಾಕಾಕ ಬಂದ್ರ ಎರಡ ಪ್ಲೇಟ ಉಳ್ಳಾಗಡ್ಡಿ ಭಜಿ ಅವರದ ಠರಾವ."

"ಅವರು ಬ್ಯಾರೆ ಯಾರೋ ಇರಬೇಕು" ಎಂದೆ. "ನಮ್ಮಾಂವ ಹೊತ್ತ ಮುಳಗಿದ ಮ್ಯಾಲೆ ನೀರೂ ಮುಟ್ಟೂದಿಲ್ಲ."

ಮುದುಕ ನಕ್ಕ.

"ನಾನೂ ಒಮ್ಮೆ ಕೇಳಿದ್ನಿರಿ, ನಿಮ್ಮ ಮಂದ್ಯಾಗ ರಾತ್ರಿ ತಿನ್ನಂಗಿಲ್ಲಲ್ಲ ಅಂತ. ಅದಕ್ಕವರು, 'ನೇಮಾ ನಮ್ಮ ವೈನಿದು. ಆಕಿ ಉಪಾಸ ಬಿದ್ದಾಳ ಹೊರತು ಗಾಡಿ ನಿಂದರಸು ಅನ್ನಾಕಿ ಅಲ್ಲ. ನನಗ ಹಸಿವ್ಯಾಗೇತಿ ಅಂದ್ರ ನಿಂದರಸಬಹುದಲ್ಲ' ಅಂದ್ರು. ಯಾಕ್ರಿ, ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತು" ಎಂದೆ. ಸುಳ್ಳು. ಮುದುಕ ಕೊಟ್ಟ ನೀರು ಕುಡಿದೆ. ಹೊತ್ತು ಇನ್ನೂ ಇತ್ತು.

ಮರುದಿನ ಅವನನ್ನು ಕರೆದು ಹೇಳಿದೆ:

"ಆ ಬೆಳಗಾವಿ ಬಿಳಿ ಗಾಡಿ ತಗೊ."

"ಅದರ ಮ್ಯಾಲೆ ಡಬ್ಬಿ ಜಾರತೈತಲ್ರಿ ವೈನಿ."

"ಜಾರಿದ್ರ ನಾ ಹಿಡಕೋತೇನಿ. ತಗೊ ಅಂದ್ರ ತಗೊ."

ಹಿಂದಿನ ಓಣಿಯ ಬಡಿಗನಿಂದ ಒಂದು ಮಣೆ ಮಾಡಿಸಿದೆ. ಎರಡು ಕಾಲು ಉದ್ದ, ಎರಡು ಗಿಡ್ಡ, ಇಳಿಜಾರಿನ ಮೇಲೆ ಇಟ್ಟರೆ ಮೇಲ್ಭಾಗ ಸಪಾಟ. ಕಾಲುಗಳು ಜಾರದಂತೆ ಕೆಳಗೆ ಹಳೆಯ ಜೀಪಿನ ಟ್ಯೂಬಿನ ರಬ್ಬರು ಹಚ್ಚಿಸಿದೆ. ಎಂಟು ತಿಂಗಳ ಚಿಂತೆ ಬಡಿಗನಿಗೆ ಅರ್ಧ ದಿನದ ಕೆಲಸ. ಜೀಪನ್ನು ಮೇಲವಂಕಿಯವರೊಬ್ಬರು ಹಾಲಿನ ಕ್ಯಾನು ಸಾಗಿಸಲು ಒಯ್ದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಮೈದುನ ಬಾಗಿಲಲ್ಲಿ ನಿಂತಿದ್ದ. ನೆಗೆಣ್ಣಿ ಅವನಿಗೆ ಚಹಾ ಒಯ್ದು ಕೊಟ್ಟಳು. ಪೂರಾ ಕಪ್ಪು ಕುಡಿದ.

ಹೊಸ ಗಾಡಿಯಲ್ಲಿ ಮೊದಲ ಸಲ ಹುಕ್ಕೇರಿಯಿಂದ ಬರುವಾಗ ಕಾಲುವೆ ದಂಡೆಯಲ್ಲಿ ಹೊತ್ತು ಕೆಂಪಾಯಿತು. ಅವನು ನಿಲ್ಲಿಸಿದ. "ನೇಮ ಅಂದ್ರ ನೇಮ" ಎಂದ, ಮುನಿ ಮಹಾರಾಜರ ಗಾಂಭೀರ್ಯದಿಂದ. ನಾನು ಮಣೆ ಇಟ್ಟೆ, ಡಬ್ಬಿ ಬಿಚ್ಚಿದೆ. ಅರ್ಧ ರೊಟ್ಟಿ ತಿಂದು "ಸಾಕ್ರಿ ವೈನಿ" ಎಂದು ಕೈ ತೊಳೆದ.

"ಹೂಂ" ಎಂದೆ. ತಪಸ್ಸಿನ ಮಾತು ಎತ್ತಲಿಲ್ಲ. ಅವನಿಗೆ ಅನುಮಾನ ಬಂದು ಎರಡು ಸಲ ನನ್ನ ಮುಖ ನೋಡಿದ.

ಆ ದಿನ ಬೆಳಿಗ್ಗೆಯೇ ಅವನ ಸೀಟಿನ ಕೆಳಗೆ ನಾನು ಇನ್ನೊಂದು ಡಬ್ಬಿ ಇಟ್ಟಿದ್ದೆ. ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ನೇಮದವಳು ಇನ್ನೊಬ್ಬರ ರಾತ್ರಿ ಊಟಕ್ಕೆ ಬುತ್ತಿ ಕಟ್ಟಬಹುದೋ ಇಲ್ಲವೋ, ಮಹಾರಾಜರನ್ನು ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಮರುದಿನ ಆ ಡಬ್ಬಿ ಬಚ್ಚಲ ಕಟ್ಟೆಯ ಮೇಲೆ ಬೋರಲಾಗಿತ್ತು. ಇಟ್ಟವರು ಯಾರು ಎಂದು ಅವನು ಕೇಳಲಿಲ್ಲ, ತಿಂದವರು ಯಾರು ಎಂದು ನಾನೂ ಕೇಳಲಿಲ್ಲ. ಎತ್ತಿ ನೋಡಿದರೆ ತಳದಲ್ಲಿ ಪಲ್ಯ ಹಾಗೇ ಅಂಟಿಕೊಂಡಿತ್ತು. ಡಬ್ಬಿ ತೊಳೆಯುವುದು ಅವನಿಗೆ ಸಣ್ಣಂದಿನಿಂದಲೂ ಬರುವುದಿಲ್ಲ. ನಾನೇ ಇನ್ನೊಮ್ಮೆ ತಿಕ್ಕಿ ತೊಳೆದೆ.